ನಡುವೆ ಕೂತ ಕೋಶವೇ ಯಜಮಾನನಾ?

ಗ್ರಾಫ್ ಥಿಯರಿ ಓದಿದ ನಮ್ಮಂಥವರಿಗೆ ಈಗ ಜೀವಶಾಸ್ತ್ರದ ಬಾಗಿಲು ದೊಡ್ಡದಾಗಿಯೇ ತೆರೆದಿದೆ. ಲ್ಯಾಬ್ ಬೇಕಿಲ್ಲ, ಪಿಪೆಟ್ ಹಿಡಿಯೋಕೆ ಬರಬೇಕು ಅಂತಿಲ್ಲ. ಯಾರೋ ಸಾರ್ವಜನಿಕವಾಗಿ ಇಟ್ಟಿರುವ ಸಿಂಗಲ್ ಸೆಲ್ ಡೇಟಾ ಇಳಿಸಿಕೊಂಡು, ಆರ್ ಭಾಷೆಯ ಒಂದು ಪ್ಯಾಕೇಜ್ ಹಾಕಿಕೊಂಡು, ಒಂದಷ್ಟು ಸಾಲು ಕೋಡ್ ಓಡಿಸಿದರೆ ಬಣ್ಣಬಣ್ಣದ ಹೀಟ್‌ಮ್ಯಾಪ್ ಸಿದ್ಧ. ಅದರ ಕೆಳಗೆ ಬರೆಯುವ ವಾಕ್ಯವೂ ಹೆಚ್ಚುಕಮ್ಮಿ ಸಿದ್ಧವಾಗಿಯೇ ಇರುತ್ತೆ: “ಈ ಅಂಗಾಂಶದಲ್ಲಿ ಫೈಬ್ರೋಬ್ಲಾಸ್ಟ್‌ಗಳೇ ಮುಖ್ಯ ಮಧ್ಯವರ್ತಿಗಳು.”

ಹೀಟ್‌ಮ್ಯಾಪ್ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಈ ವಾಕ್ಯದ ಬಗ್ಗೆ. ಕೇಂದ್ರೀಯತೆಯ ಅಂಕ ಹೇಳುವುದು ನಾವು ಬರೆದ ನಕ್ಷೆಯಲ್ಲಿ ಯಾರು ನಡುವೆ ಇದ್ದಾರೆ ಅಂತ. ದೇಹದೊಳಗಿನ ಅಂಗಾಂಶದಲ್ಲಿ ಯಾರು ನಡುವೆ ಇದ್ದಾರೆ ಅನ್ನೋದು ಬೇರೆಯದೇ ಪ್ರಶ್ನೆ. ಎರಡನ್ನೂ ಒಂದೇ ಅಂದುಕೊಂಡು ಪ್ರಾಜೆಕ್ಟ್ ರಿಪೋರ್ಟ್ ಬರೆಯೋದನ್ನ ನಾವು ನಿಲ್ಲಿಸಬೇಕು.

ಮೊದಲು ಲೆಕ್ಕ ಹೇಗೆ ನಡೆಯುತ್ತೆ ನೋಡೋಣ. ಒಂದು ಜೀವಕೋಶ ಲಿಗ್ಯಾಂಡ್ ಎಂಬ ಅಣುವನ್ನು ಹೊರಗೆ ಬಿಡುತ್ತದೆ. ಇನ್ನೊಂದು ಕೋಶದ ಮೇಲಿರುವ ರಿಸೆಪ್ಟರ್ ಅದನ್ನು ಹಿಡಿಯುತ್ತದೆ. ಕೋಶಗಳ ಮಾತುಕತೆಯ ಬಹುಪಾಲು ಹೀಗೆ ನಡೆಯುತ್ತದೆ. ಒಂದೊಂದು ಕೋಶದಲ್ಲೂ ಯಾವ ಜೀನ್‌ನ ಎಂಆರ್‌ಎನ್‌ಎ ಎಷ್ಟಿದೆ ಎಂಬುದನ್ನು ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ ಕೊಡುತ್ತದೆ. 2021ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂದ ಸೆಲ್‌ಚಾಟ್ ಎಂಬ ಸಾಧನ, ಸುಮಾರು 2,000 ಲಿಗ್ಯಾಂಡ್-ರಿಸೆಪ್ಟರ್ ಸಂಬಂಧಗಳ ಪಟ್ಟಿ ಇಟ್ಟುಕೊಂಡು ಈ ಡೇಟಾ ಮೇಲೆ ಕೆಲಸ ಶುರುಮಾಡಿತು. ಕಳಿಸುವ ಕೋಶಗುಂಪಿನ ಲಿಗ್ಯಾಂಡ್ ಪ್ರಮಾಣ, ಪಡೆಯುವ ಗುಂಪಿನ ರಿಸೆಪ್ಟರ್ ಪ್ರಮಾಣ, ಎರಡನ್ನೂ ಗುಣಿಸಿ ಹಿಲ್ ಫಂಕ್ಷನ್‌ಗೆ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಕೋಶಗಳ ಹೆಸರುಪಟ್ಟಿಯನ್ನು ಕಲಸಿ ಮತ್ತೆ ಮತ್ತೆ ಲೆಕ್ಕ ಹಾಕಿ, ಆ ಸಂಖ್ಯೆ ಆಕಸ್ಮಿಕವೋ ಅಲ್ಲವೋ ನೋಡುತ್ತಾರೆ. ಉಳಿದಿದ್ದು ಗ್ರಾಫ್‌ನ ಒಂದು ಕೊಂಡಿ: ದಿಕ್ಕೂ ಇದೆ, ತೂಕವೂ ಇದೆ.

ಆಮೇಲಿನದು ನಮಗೆ ಗೊತ್ತಿರುವ ದಾರಿ. ಹೊರಹೋಗುವ ಕೊಂಡಿಗಳ ತೂಕ ಕೂಡಿದರೆ ‘ಕಳಿಸುವವರು’ ಸಿಗುತ್ತಾರೆ, ಒಳಬರುವ ಕೊಂಡಿಗಳದ್ದು ಕೂಡಿದರೆ ‘ಪಡೆಯುವವರು’. ಫ್ಲೋ ಬಿಟ್ವೀನ್‌ನೆಸ್ ಹೆಚ್ಚಿದ್ದರೆ ‘ಮಧ್ಯವರ್ತಿ’, ಇನ್ಫರ್ಮೇಶನ್ ಸೆಂಟ್ರಾಲಿಟಿ ಹೆಚ್ಚಿದ್ದರೆ ‘ಪ್ರಭಾವಿ’. ಹೆಸರುಗಳು ಎಷ್ಟು ಚೆನ್ನಾಗಿವೆ ಅಂದ್ರೆ, ಕೇಳಿದ ಕೂಡಲೇ ಅರ್ಥ ಆಯ್ತು ಅನ್ನಿಸಿಬಿಡುತ್ತದೆ. ಎಡವಟ್ಟು ಶುರುವಾಗೋದೇ ಅಲ್ಲಿ.

ಈ ಅಳತೆಗಳ ತವರುಮನೆ ಜೀವಶಾಸ್ತ್ರವಲ್ಲ, ಮನುಷ್ಯರ ಗುಂಪುಗಳ ಅಧ್ಯಯನ. ಎಂಐಟಿಯಲ್ಲಿ ಅಲೆಕ್ಸ್ ಬಾವೆಲಾಸ್ ಮತ್ತು ಹೆರಾಲ್ಡ್ ಲೆವಿಟ್ ಐದೈದು ಜನರ ಗುಂಪು ಮಾಡಿ, ನಡುವೆ ಅಡ್ಡಗೋಡೆ ಇಟ್ಟು, ಸಣ್ಣ ಕಿಂಡಿಗಳ ಮೂಲಕ ಚೀಟಿ ದಾಟಿಸಿಕೊಂಡು ಒಂದು ಸಮಸ್ಯೆ ಬಿಡಿಸಿ ಅಂದರು. ಕಿಂಡಿಗಳನ್ನು ವೃತ್ತ, ಸರಪಳಿ, ಚಕ್ರ ಹೀಗೆ ಬೇರೆ ಬೇರೆ ರೀತಿ ಜೋಡಿಸಿದರು. 1951ರಲ್ಲಿ ಲೆವಿಟ್ ಪ್ರಕಟಿಸಿದ ಫಲಿತಾಂಶದಲ್ಲಿ, ಚಕ್ರದ ನಡುವೆ ಕೂತವರನ್ನೇ ಗುಂಪು ಹೆಚ್ಚುಕಮ್ಮಿ ಪ್ರತಿ ಸಲ ನಾಯಕ ಎಂದು ಹೆಸರಿಸಿತು. ವೃತ್ತದಲ್ಲಿ ಹಾಗೆ ಒಬ್ಬರೇ ಎದ್ದು ಕಾಣಲಿಲ್ಲ. ಲಿಂಟನ್ ಫ್ರೀಮನ್ 1977ರಲ್ಲಿ ಬಿಟ್ವೀನ್‌ನೆಸ್‌ಗೆ ಸೂತ್ರ ಕೊಟ್ಟಾಗ ಹಿಂದೆ ಇದ್ದದ್ದು ಇದೇ ವಿಚಾರ.

ಗಮನಿಸಿ, ಆ ಪ್ರಯೋಗದಲ್ಲಿ ಕೊಂಡಿ ಅಂದ್ರೆ ಕಿಂಡಿ. ಅದನ್ನು ತೆರೆದವರೂ ಮುಚ್ಚಿದವರೂ ಪ್ರಯೋಗ ಮಾಡಿದವರೇ. ಚೀಟಿ ದಾಟಿದ್ದನ್ನು ಯಾರೂ ಊಹಿಸಬೇಕಾಗಿರಲಿಲ್ಲ. ನಮ್ಮ ಕೋಶಗಳ ನಕ್ಷೆಯಲ್ಲಿ ಪ್ರತಿಯೊಂದು ಕೊಂಡಿಯೂ ಊಹೆ. ಅಳೆದಿದ್ದು ಎಂಆರ್‌ಎನ್‌ಎ, ಪ್ರೋಟೀನ್ ಅಲ್ಲ. ಸೀಕ್ವೆನ್ಸಿಂಗ್ ಮಾಡೋಕೆ ಅಂಗಾಂಶವನ್ನು ಕೋಶ ಕೋಶವಾಗಿ ಬಿಡಿಸಿರುತ್ತಾರೆ. ಯಾರ ಪಕ್ಕ ಯಾರಿದ್ದರು ಅನ್ನೋದು ಅಲ್ಲೇ ಅಳಿಸಿಹೋಗಿರುತ್ತದೆ. ಒಂದೇ ಶ್ವಾಸಕೋಶದ ಎರಡು ಮೂಲೆಗಳಲ್ಲಿದ್ದು, ಎಂದೂ ಎದುರಾಗದ ಎರಡು ಕೋಶಗಳ ನಡುವೆಯೂ ದಪ್ಪನೆಯ ಕೊಂಡಿ ಬರಬಹುದು.

ಇನ್ನು ತೂಕದ ವಿಚಾರ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 1,000 ಕೋಶಗಳಲ್ಲಿ 600 ಫೈಬ್ರೋಬ್ಲಾಸ್ಟ್, 50 ಮ್ಯಾಕ್ರೋಫೇಜ್. ಒಂದೇ ಗುಂಪಿಗೆ ಇಬ್ಬರೂ ಸಂದೇಶ ಕಳಿಸುತ್ತಾರೆ. ಮ್ಯಾಕ್ರೋಫೇಜ್‌ನ ಅಂಕ 0.5, ಫೈಬ್ರೋಬ್ಲಾಸ್ಟ್‌ನದ್ದು 0.1. ಇಷ್ಟೇ ನೋಡಿದರೆ ಮ್ಯಾಕ್ರೋಫೇಜ್ ಐದು ಪಟ್ಟು ಮುಂದೆ. ಈಗ ಗುಂಪಿನ ಗಾತ್ರವನ್ನೂ ಗುಣಿಸಿ: 0.05 × 0.5 = 0.025, 0.6 × 0.1 = 0.06. ಫೈಬ್ರೋಬ್ಲಾಸ್ಟ್ ಎರಡು ಪಟ್ಟಿಗಿಂತ ಹೆಚ್ಚು ಮುಂದೆ! ಸೆಲ್‌ಚಾಟ್‌ನಲ್ಲಿ ಗುಂಪಿನ ಗಾತ್ರ ಸೇರಿಸಬೇಕೋ ಬೇಡವೋ ಅನ್ನೋದು ಒಂದೇ ಒಂದು ಆಯ್ಕೆ. ನಾವಾಗಿ ಬದಲಿಸದಿದ್ದರೆ ಸೇರಿಸುವುದಿಲ್ಲ. ಅಂದರೆ ‘ಯಜಮಾನ’ ಯಾರು ಅನ್ನೋದು ಒಂದು ಟ್ರೂ-ಫಾಲ್ಸ್ ಮೇಲೆ ನಿಂತಿರಬಹುದು. ಎರಡೂ ಸರಿಯಾದ ಪ್ರಶ್ನೆಗಳೇ: ಒಂದು ಕೋಶ ಎಷ್ಟು ಜೋರಾಗಿ ಕೂಗುತ್ತೆ ಅನ್ನೋದು ಒಂದು, ಗುಂಪಿನ ಒಟ್ಟು ಗದ್ದಲ ಎಷ್ಟು ಅನ್ನೋದು ಇನ್ನೊಂದು. ಯಾವುದನ್ನು ಕೇಳಿದೆವು ಅಂತ ಹೇಳದೆ ಉತ್ತರ ಮಾತ್ರ ಬರೆದರೆ ಓದುವವರಿಗೆ ಏನು ತಿಳಿಯಬೇಕು?

ಕೊಂಡಿ ಸರಿಯಾಗಿಯೇ ಇದೆ ಅಂತಿಟ್ಟುಕೊಳ್ಳೋಣ. ಆಗಲೂ ‘ಮಧ್ಯವರ್ತಿ’ ಎಂಬ ಪದ ನನಗೆ ಇರಿಸುಮುರಿಸು ತರುತ್ತದೆ. ನಮ್ಮ ಕ್ಲಾಸಿನ ಸಿಆರ್ ನಿಜವಾದ ಮಧ್ಯವರ್ತಿ. ಡಿಪಾರ್ಟ್‌ಮೆಂಟ್‌ನಿಂದ ಬಂದ ಮೆಸೇಜ್ ಅವರು ಫಾರ್ವರ್ಡ್ ಮಾಡಿದರೇನೇ ನಮಗೆ ಇಂಟರ್ನಲ್ಸ್ ಯಾವಾಗ ಅಂತ ಗೊತ್ತಾಗೋದು. ಅದೇ ಮೆಸೇಜ್ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಹಾಗಾಗಿ ಅಲ್ಲಿ ‘ದಾರಿ’ ಅನ್ನೋ ಪದಕ್ಕೆ ಅರ್ಥ ಇದೆ. ಸ್ಟೀಫನ್ ಬೋರ್ಗಾಟಿ 2005ರಲ್ಲಿ ಬರೆದ ಪ್ರಬಂಧದ ಸಾರವೂ ಇದೇ: ಪ್ರತಿ ಕೇಂದ್ರೀಯತೆಯ ಅಳತೆಯೊಳಗೂ, ಜಾಲದಲ್ಲಿ ಏನು ಹೇಗೆ ಹರಿಯುತ್ತದೆ ಎಂಬ ಒಂದು ನಂಬಿಕೆ ಅಡಗಿ ಕೂತಿದೆ. ನೋಟು ಒಂದು ಕೈ ಬಿಟ್ಟು ಇನ್ನೊಂದು ಕೈಗೆ ಹೋಗುತ್ತದೆ; ಗಾಳಿಸುದ್ದಿ ಹೇಳಿದವರ ಬಳಿಯೂ ಉಳಿದು ನಾಲ್ಕು ಕಡೆ ಹರಡುತ್ತದೆ. ಎರಡಕ್ಕೂ ಒಂದೇ ಅಳತೆ ಒಗ್ಗುವುದಿಲ್ಲ.

ಕೋಶದಲ್ಲಿ ಏನಾಗುತ್ತೆ? ಟಿಜಿಎಫ್-ಬೀಟಾ ಎಂಬ ಲಿಗ್ಯಾಂಡ್ ತೆಗೆದುಕೊಳ್ಳಿ. ಅದು ಫೈಬ್ರೋಬ್ಲಾಸ್ಟ್‌ನ ರಿಸೆಪ್ಟರ್ ಹಿಡಿದ ಮೇಲೆ ಒಳಗೆ ಸ್ಮ್ಯಾಡ್ ಎಂಬ ಪ್ರೋಟೀನ್‌ಗಳು ಚುರುಕಾಗಿ ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನು ಬದಲಿಸುತ್ತವೆ. ಕೋಶ ಕೊಲಾಜೆನ್ ಸುರಿಸತೊಡಗುತ್ತದೆ. ಬಂದ ಚೀಟಿ ಮುಂದಕ್ಕೆ ಹೋಗಲಿಲ್ಲ, ಅಲ್ಲೇ ಖರ್ಚಾಯಿತು. ಟಿಜಿಎಫ್-ಬೀಟಾ ತನ್ನ ಉತ್ಪಾದನೆಯನ್ನು ತಾನೇ ಹೆಚ್ಚಿಸುವುದೂ ಉಂಟು, ನಿಜ. ಒಂದು ಸಂದೇಶ ಪಡೆದ ಕೋಶ ಬೇರೆ ಸಂದೇಶ ಕಳಿಸುವುದಂತೂ ಸಾಮಾನ್ಯ. ಇಂಟರ್‌ಲ್ಯೂಕಿನ್-1 ಪಡೆದು ಇಂಟರ್‌ಲ್ಯೂಕಿನ್-6 ಬಿಡುವ ಕೋಶಗಳಿವೆ. ಆದರೆ ಬಿಟ್ವೀನ್‌ನೆಸ್ ಅನ್ನು ಒಂದೊಂದು ಸಿಗ್ನಲಿಂಗ್ ಪಾತ್‌ವೇಗೆ ಪ್ರತ್ಯೇಕವಾಗಿ ಹಾಕಿದಾಗ ಈ ಬದಲಾವಣೆ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಅಲ್ಲಿ ‘ಎ’ಯಿಂದ ‘ಬಿ’ಗೆ, ‘ಬಿ’ಯಿಂದ ‘ಸಿ’ಗೆ ಎರಡು ಕೊಂಡಿ ಇದೆ ಅಂದಮಾತ್ರಕ್ಕೆ ‘ಎ’ ಹೇಳಿದ್ದು ‘ಸಿ’ಗೆ ತಲುಪಿತು ಎಂದಾಗುವುದಿಲ್ಲ.

ಟಿಜಿಎಫ್-ಬೀಟಾದ ಕಥೆ ಇಲ್ಲಿಗೇ ಮುಗಿಯಲ್ಲ. ಅದು ಕೋಶದಿಂದ ಹೊರಗೆ ಬರುವಾಗ ಒಂದು ಕವಚದೊಳಗೆ ಬೀಗ ಹಾಕಿಕೊಂಡೇ ಬರುತ್ತದೆ. ಬೀಗ ತೆಗೆಯುವವರೆಗೆ ರಿಸೆಪ್ಟರ್ ಹಿಡಿಯಲಾರದು. ಬೀಗ ತೆಗೆಯುವವರಲ್ಲಿ ಒಂದು, ಎಪಿಥೀಲಿಯಲ್ ಕೋಶಗಳ ಮೇಲಿರುವ ಆಲ್ಫಾ-ವಿ-ಬೀಟಾ-6 ಎಂಬ ಇಂಟೆಗ್ರಿನ್. 1999ರಲ್ಲಿ ಸೆಲ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಈ ಇಂಟೆಗ್ರಿನ್ ಇಲ್ಲದ ಇಲಿಗಳಿಗೆ ಬ್ಲಿಯೊಮೈಸಿನ್ ಕೊಟ್ಟಾಗ ಉರಿಯೂತ ಬಂದರೂ ಶ್ವಾಸಕೋಶ ನಾರುಗಟ್ಟುವುದರಿಂದ ಅವು ಪಾರಾದವು. ಕಳಿಸುವವರಿದ್ದರು, ಪಡೆಯುವವರಿದ್ದರು, ಬಾಗಿಲು ಕಾಯುವವರೊಬ್ಬರು ಇರಲಿಲ್ಲ, ಮಾತುಕತೆಯೇ ಕೆಟ್ಟಿತು.

ಟಿಜಿಎಫ್-ಬೀಟಾ ಮತ್ತು ಅದರ ರಿಸೆಪ್ಟರ್ ಜೋಡಿಗಳಿಂದ ಕಟ್ಟಿದ ನಕ್ಷೆಯಲ್ಲಿ ಈ ಬಾಗಿಲು ಕಾಯುವವರಿಗೆ ಜಾಗ ಎಲ್ಲಿದೆ? ಇಂಟೆಗ್ರಿನ್ ಅನ್ನೂ ಇನ್ನೊಂದು ರಿಸೆಪ್ಟರ್ ಅಂತ ಸೇರಿಸಿದರೂ, ಎಪಿಥೀಲಿಯಲ್ ಕೋಶ ಸಂದೇಶ ‘ಪಡೆಯುವವರ’ ಸಾಲಿನಲ್ಲಿ ಕೂರುತ್ತದೆ, ಬೀಗ ತೆಗೆಯುವವರಾಗಿ ಕಾಣುವುದಿಲ್ಲ. ಎರಡು ನೋಡ್‌ಗಳ ನಡುವಿನ ಕೊಂಡಿ ಮೂರನೆಯ ನೋಡ್‌ನ ಮರ್ಜಿ ಮೇಲೆ ನಿಂತಿದೆ ಎಂಬುದನ್ನು ಸಾಮಾನ್ಯ ಗ್ರಾಫ್ ಹೇಳಲಾರದು. ಅಂಕ ಎಷ್ಟು ದಶಮಾಂಶದವರೆಗೆ ಬರೆದರೂ ಈ ಕೊರತೆ ತುಂಬಲ್ಲ.

ಇದೆಲ್ಲ ಬರೀ ಪದಗಳ ಜಗಳವಾ? ಅಲ್ಲ. ನಮ್ಮ ಪಟ್ಟಿಯಲ್ಲಿ ಮೇಲಿರುವ ಹೆಸರನ್ನೇ ಲ್ಯಾಬ್‌ನವರು ಮೊದಲು ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಇಲಿ ಸಾಕುವುದು, ಜೀನ್ ತೆಗೆಯುವುದು ತಿಂಗಳುಗಟ್ಟಲೆ ಕೆಲಸ. ಅಲ್ಲಿಂದ ಔಷಧಿಯವರೆಗಿನ ದಾರಿ ಇನ್ನೂ ಉದ್ದ. ಇದೇ ಇಂಟೆಗ್ರಿನ್ ತಡೆಯುವ ಆಂಟಿಬಾಡಿಯೊಂದನ್ನು ಶ್ವಾಸಕೋಶ ನಾರುಗಟ್ಟುವ ರೋಗಿಗಳ ಮೇಲೆ 2ನೇ ಹಂತದ ಪ್ರಯೋಗದಲ್ಲಿ ಪರೀಕ್ಷಿಸಿದಾಗ, ಸುರಕ್ಷತೆಯ ಕಾರಣಕ್ಕೆ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಇಲಿಗಳಲ್ಲಿ ಪ್ರಯೋಗ ಮಾಡಿ ಗಟ್ಟಿಯಾಗಿ ತೋರಿಸಿದ ಗುರಿಯ ಪಾಡೇ ಹೀಗಾದರೆ, ಬರೀ ಬಿಟ್ವೀನ್‌ನೆಸ್ ನೋಡಿ “ಇದು ಚಿಕಿತ್ಸೆಗೆ ಒಳ್ಳೆಯ ಗುರಿ” ಅಂತ ರಿಪೋರ್ಟ್‌ನ ಕೊನೆಯ ಸಾಲಿನಲ್ಲಿ ಬರೆಯುವ ಧೈರ್ಯ ನಮಗೆ ಎಲ್ಲಿಂದ ಬರುತ್ತೆ?

ಹಾಗಂತ ಕೇಂದ್ರೀಯತೆ ಬೇಡ ಅಂತ ನಾನು ಹೇಳ್ತಿಲ್ಲ. 15 ಬಗೆಯ ಕೋಶಗಳಿದ್ದರೆ 225 ಜೋಡಿ. ಪ್ರತಿ ಜೋಡಿಗೂ ಹತ್ತಾರು ಪಾತ್‌ವೇ. ಅಷ್ಟನ್ನು ಕಣ್ಣಲ್ಲಿ ನೋಡಿ ಯಾರಿಗೂ ಏನೂ ತಿಳಿಯಲ್ಲ. ಎಲ್ಲಿಂದ ಹುಡುಕಾಟ ಶುರುಮಾಡಬೇಕು ಅನ್ನೋಕೆ ಒಂದು ಕ್ರಮ ಬೇಕೇ ಬೇಕು. ಆರೋಗ್ಯವಂತರ ಅಂಗಾಂಶ, ರೋಗದ ಅಂಗಾಂಶ ಎರಡಕ್ಕೂ ಒಂದೇ ಲೆಕ್ಕ ಹಾಕಿ ಎಲ್ಲಿ ಬದಲಾಯಿತು ಅಂತ ನೋಡೋದೂ ಉಪಯುಕ್ತ. ಹೊರಡಿಗ್ರಿ, ಒಳಡಿಗ್ರಿಗಳಿಗೆ ‘ದಾರಿ’ಯ ನಂಬಿಕೆ ಬೇಕಿಲ್ಲವಾದ್ದರಿಂದ ಅವುಗಳನ್ನು ಓದುವಾಗ ಅಪಾಯ ಕಡಿಮೆ. ಅಳತೆ ಒಳ್ಳೆಯ ಸೇವಕ. ಅದರ ಕೈಗೆ ತೀರ್ಪು ಕೊಡಬಾರದು, ಅಷ್ಟೇ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕೆಲಸವೇನಲ್ಲ. ಗುಂಪಿನ ಗಾತ್ರ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ. ಮೊದಲ ಸ್ಥಾನ ಬದಲಾದರೆ ಅದನ್ನೂ ಬರೆಯಿರಿ. 2022ರಲ್ಲಿ ನೇಚರ್ ಕಮ್ಯುನಿಕೇಶನ್ಸ್‌ನಲ್ಲೇ ಬಂದ ಹೋಲಿಕೆ ಅಧ್ಯಯನವೊಂದು, ಸಾಧನ ಬದಲಿಸಿದರೂ ಲಿಗ್ಯಾಂಡ್-ರಿಸೆಪ್ಟರ್ ಪಟ್ಟಿ ಬದಲಿಸಿದರೂ ಫಲಿತಾಂಶ ಬಹಳ ಬದಲಾಗುತ್ತದೆ ಎಂದು ತೋರಿಸಿದೆ. ಆದ್ದರಿಂದ ಕನಿಷ್ಠ ಎರಡು ಸಾಧನಗಳಲ್ಲಿ ಉಳಿದದ್ದನ್ನಷ್ಟೇ ನೆಚ್ಚಿಕೊಳ್ಳಿ. ಮೂವರು ರೋಗಿಗಳಿಂದ 30,000 ಕೋಶ ಬಂದಿದ್ದರೆ ನಿಮ್ಮ ಬಳಿ ಇರೋದು ಮೂವರ ಮಾಹಿತಿ, 30,000 ಜನರದ್ದಲ್ಲ. ಒಬ್ಬ ರೋಗಿಯನ್ನು ಬಿಟ್ಟು ಲೆಕ್ಕ ಹಾಕಿದಾಗ ‘ಮಧ್ಯವರ್ತಿ’ ಉಳಿಯುತ್ತಾನಾ ನೋಡಿ. ಕೋಶಗಳು ಎಲ್ಲಿದ್ದವು ಅಂತ ತೋರಿಸುವ ಸ್ಪೇಷಿಯಲ್ ಡೇಟಾ ಅದೇ ಅಂಗಾಂಶಕ್ಕೆ ಸಿಕ್ಕರೆ, ಎದುರಾಗಲಾರದ ಕೋಶಗಳ ನಡುವಿನ ಕೊಂಡಿ ಕಿತ್ತುಹಾಕಿ.

ಕೊನೆಯದಾಗಿ ಆ ವಾಕ್ಯ. “ಫೈಬ್ರೋಬ್ಲಾಸ್ಟ್‌ಗಳೇ ಮುಖ್ಯ ಮಧ್ಯವರ್ತಿಗಳು” ಅನ್ನೋದರ ಬದಲು, “ಈ ಡೇಟಾದಲ್ಲಿ, ಈ ಆಯ್ಕೆಗಳೊಂದಿಗೆ, ಟಿಜಿಎಫ್-ಬೀಟಾ ಜಾಲದಲ್ಲಿ ಫೈಬ್ರೋಬ್ಲಾಸ್ಟ್‌ಗಳ ಬಿಟ್ವೀನ್‌ನೆಸ್ ಹೆಚ್ಚು ಬಂದಿದೆ; ಇದು ನಿಜವೇ ಎಂದು ತಿಳಿಯಲು ಇಂಥ ಪ್ರಯೋಗ ಮಾಡಬೇಕು” ಅಂತ ಬರೆಯೋಣ. ವಾಕ್ಯ ಉದ್ದವಾಗುತ್ತೆ, ಪಿಪಿಟಿಯ ಒಂದು ಬುಲೆಟ್‌ನಲ್ಲಿ ಹಿಡಿಸಲ್ಲ. ವೈವಾದಲ್ಲಿ “ಯಾವ ಪ್ರಯೋಗ?” ಅಂತ ಕೇಳಿದರೆ ಉತ್ತರ ಕೊಡೋಕೆ ಒಂದಷ್ಟು ಜೀವಶಾಸ್ತ್ರ ಓದಬೇಕಾಗುತ್ತೆ. ಓದೋಣ, ಅದಕ್ಕೇ ತಾನೇ ಈ ಪ್ರಾಜೆಕ್ಟ್ ತಗೊಂಡಿದ್ದು.