ಎರಡು ತುಂಬಿತು, ಮಾತೆಷ್ಟು ಬಂತು?

ಕೂಸು ಬೋರಲು ಬಿದ್ದರೆ ಮನೆಯಲ್ಲಿ ಸಿಹಿ; ಹಲ್ಲು ಮೂಡಿದರೆ ಅಜ್ಜಿಗೆ ಸಡಗರ; ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ. ಅನ್ನ ಉಣಿಸಲು, ಜವಳ ತೆಗೆಸಲು, ಕಿವಿ ಚುಚ್ಚಿಸಲು ಒಂದೊಂದು ದಿನ, ಒಂದೊಂದು ಶಾಸ್ತ್ರ. ಸಂಕ್ರಾಂತಿಯಂದು ಎಲಚಿ ಹಣ್ಣು, ಕಬ್ಬಿನ ತುಂಡು, ಕಾಸು ಬೆರೆಸಿ ಮಕ್ಕಳ ತಲೆಯ ಮೇಲೆ ಎರೆಯುವ ವಾಡಿಕೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ಆದರೆ ಮಗು ಮೊದಲ ಮಾತನ್ನಾಡಿದ ದಿನಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಯಾವ ಶಾಸ್ತ್ರವನ್ನೂ ನಾವು ಕಂಡಿಲ್ಲ. ಹಲ್ಲು ಎಷ್ಟು ಬಂದಿವೆಯೆಂದು ಕೇಳಿ, ಮನೆಯವರೆಲ್ಲರೂ ಹೇಳುತ್ತಾರೆ. ಮಾತು ಎಷ್ಟು ಬಂದಿವೆಯೆಂದು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ಜಯನಗರದಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. ಬಡಾವಣೆ 1948ರಲ್ಲಿ ರೂಪುಗೊಳ್ಳತೊಡಗಿದ ಮೇಲೆ ತಿಪಟೂರಿನ ಕಡೆಯಿಂದ ಬಂದು ನೆಲೆಸಿದ ಹಿರಿಯರು ಕಟ್ಟಿಸಿದ ಮನೆ ಈಗ ಮೂರು ಅಂತಸ್ತಾಗಿದೆ. ಅಂತಸ್ತಿಗೊಬ್ಬ ಮಗನ ಸಂಸಾರ. ಹಬ್ಬ ಹುಣ್ಣಿಮೆಗೆ ಮಾತ್ರ ಒಲೆ ಒಂದೇ. ಒಟ್ಟು 17 ಮಂದಿ. ಇವರಲ್ಲಿ ಎಲ್ಲರಿಗಿಂತ ಕಿರಿಯವನಿಗೆ ಎರಡು ವರ್ಷ ತುಂಬಿದ ದಿನ ನಾವೂ ಹೋಗಿದ್ದೆವು. ಬೆಳಗ್ಗೆ ಎಣ್ಣೆನೀರು, ಹಣೆಗೆ ವಿಭೂತಿ, ಹಿರಿಯರಿಗೆ ನಮಸ್ಕಾರ, ಮಧ್ಯಾಹ್ನ ಹೋಳಿಗೆ ಊಟ. ಸಂಜೆಗೆ ಬೇಕರಿಯ ಕೇಕು ಮತ್ತು ಕಿವಿಗಡಚಿಕ್ಕುವ ಹಾಡು. (ಕೇಕಿನ ಬಗ್ಗೆ ನಮ್ಮ ತಕರಾರಿಲ್ಲ, ಹಾಡಿನ ಬಗ್ಗೆ ಇದೆ.) ಹುಡುಗ ಚೂಟಿ. ಓಡುತ್ತಾನೆ, ಚೆಂಡು ಒದೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ. ನಾವಿದ್ದಷ್ಟು ಹೊತ್ತು ಅವನ ಬಾಯಿಂದ ಒಂದು ಮಾತು ಮಾತ್ರ ಕೇಳಲಿಲ್ಲ. ಆಡುವ ಅಗತ್ಯವೂ ಅವನಿಗಿರಲಿಲ್ಲವೆನ್ನಿ: ಬೆರಳು ಬಿಸ್ಕತ್ತಿನ ಡಬ್ಬಿಯ ಕಡೆಗೆ ತಿರುಗುವಷ್ಟರಲ್ಲಿ ಮೂರು ಕೈಗಳು ಅದರ ಮುಚ್ಚಳ ತೆಗೆದಿರುತ್ತಿದ್ದವು.

ಮಾತಿನ ವಿಷಯವೆತ್ತಿದರೆ ಪ್ರತಿಯೊಬ್ಬರ ಬಳಿಯೂ ಒಂದು ಸಮಾಧಾನ ಸಿದ್ಧವಾಗಿತ್ತು. ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು. ಗಂಡುಮಕ್ಕಳಿಗೆ ಮಾತು ತಡ. ಮನೆಯಲ್ಲಿ ಭಾಷೆ ನಾಲ್ಕಾದರೆ ಕೂಸು ಏನು ಮಾಡೀತು? ಸಮಾಧಾನವಿರದಿದ್ದವಳು ತಾಯಿಯೊಬ್ಬಳೇ. ನಮ್ಮ ಮನೆಯವರನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, "ದೊಡ್ಡಮ್ಮ, ಹಿಂದಿನಿಂದ ಕರೆದರೆ ಎಷ್ಟೋ ಸಲ ತಿರುಗೋದೇ ಇಲ್ಲ. ಅತ್ತೆಯವರ ಹತ್ತಿರ ಹೇಳಿದರೆ, ಹಬ್ಬದ ದಿನ ಅಪಶಕುನ ಆಡಬೇಡ ಅಂತಾರೆ" ಎಂದಳಂತೆ.

ದೊಡ್ಡ ಸಂಸಾರದ ಈ ಗುಣವನ್ನು ಓದುಗರು ಗಮನಿಸಬೇಕು. 17 ಮಂದಿಯಿರುವಲ್ಲಿ ಕೂಸಿಗೆ ಎತ್ತಿಕೊಳ್ಳುವ ಕೈಗಳ ಕೊರತೆಯಿಲ್ಲ. ಆದರೆ ತಾನು ಕೇಳದ ಮಾತನ್ನು ಮತ್ತೊಬ್ಬರು ಕೇಳಿರಬಹುದೆಂದು ಪ್ರತಿಯೊಬ್ಬರೂ ನಂಬಿರುತ್ತಾರೆ. ಹಗಲೆಲ್ಲ ಮಗುವಿನೊಡನಿದ್ದು ಮೊದಲು ಸಂದೇಹಪಡುವವಳು ಸಾಮಾನ್ಯವಾಗಿ ಕಿರಿಯ ಸೊಸೆ. ಆ ಮನೆಯಲ್ಲಿ ಕಡೆಯದಾಗಿ ಬಾಯಿ ತೆರೆಯಬೇಕಾದವಳೂ ಅವಳೇ.

ನಡಿಗೆಯ ವಿಷಯದಲ್ಲಿ ಹಿಂದು ಮುಂದಾದರೆ ಅಷ್ಟು ಚಿಂತಿಸಬೇಕಿಲ್ಲ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತ ಕೂಸು ಆಸರೆಯಿಲ್ಲದೆ ನಡೆಯುವುದು 8ನೆಯ ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗಲಾದರೂ ಆಗಬಹುದು. ಅಂಬೆಗಾಲಿಡದೆಯೇ ಎದ್ದು ನಡೆದ ಮಕ್ಕಳೂ ಅಲ್ಲಿದ್ದರು. ಮಾತಿನಲ್ಲಿಯೂ ಮಗುವಿನಿಂದ ಮಗುವಿಗೆ ವ್ಯತ್ಯಾಸವುಂಟು. ಆದರೆ ಕಾಯುವುದಕ್ಕೊಂದು ಎಲ್ಲೆಯೂ ಉಂಟು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 2022ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ, ನೂರಕ್ಕೆ 75 ಅಥವಾ ಹೆಚ್ಚು ಮಕ್ಕಳು ಮಾಡಬಲ್ಲುದನ್ನೇ ಆಯಾ ವಯಸ್ಸಿಗೆ ಗುರುತಾಗಿ ಇಟ್ಟಿದ್ದಾರೆ. ಅದರಂತೆ ಎರಡು ತುಂಬಿದ ಮಗು "ಅಜ್ಜಿ ಬಾ", "ಹಾಲು ಬೇಡ" ಎಂದು ಎರಡು ಪದಗಳನ್ನಾದರೂ ಜೋಡಿಸಬೇಕು. ಮೂಗೆಲ್ಲಿ, ಕಣ್ಣೆಲ್ಲಿ ಎಂದರೆ ತೋರಿಸಬೇಕು. ಎರಡೂವರೆಗೆ ಸುಮಾರು 50 ಪದಗಳಿರಬೇಕು. ಗಂಡುಮಕ್ಕಳು ತುಸು ನಿಧಾನವೆಂಬುದು ಸುಳ್ಳಲ್ಲ. ಆದರೆ ಆ ನಿಧಾನ ವರ್ಷಗಟ್ಟಲೆಯದಲ್ಲ. ಭಾಷೆ ನಾಲ್ಕಾದ ಮಾತ್ರಕ್ಕೆ ಮಾತು ಹಿಂದೆ ಬೀಳುವುದಿಲ್ಲ. ತಾತನ ಕನ್ನಡ, ಕೆಲಸದಾಕೆಯ ತಮಿಳು, ಚಿಕ್ಕಪ್ಪನ ಇಂಗ್ಲಿಷು ಎಲ್ಲವನ್ನೂ ಕೂಡಿಸಿ ಎಣಿಸಬೇಕು, ಅಷ್ಟೆ.

ಎಣಿಕೆ ಕಡಿಮೆಯಾದಾಗ ಮೊದಲು ನೋಡಬೇಕಾದದ್ದು ನಾಲಿಗೆಯನ್ನಲ್ಲ, ಕಿವಿಯನ್ನು. ಬಜೆ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಕಿವಿ ಕೇಳದ ಕೂಸಿಗೆ ಅದರಿಂದ ಮಾತು ಬಾರದು. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಶ್ರವಣದೋಷವಿರುತ್ತದೆಂಬುದು ವೈದ್ಯರ ಲೆಕ್ಕ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಟ್ಟು ತರುವ ಮನೆಗಳಲ್ಲಿ ವಂಶವಾಹಿಯಾದ ಕಿವುಡು ಹೆಚ್ಚು. ಕಹಿಯಾದರೂ ಹೇಳಲೇಬೇಕಾದ ಮಾತಿದು. ಹಿಂದೆ ನಿಂತು ತಟ್ಟೆ ಬಡಿದು ನೋಡುವ ಪರೀಕ್ಷೆ ಸಾಲದು. ತಟ್ಟೆಯ ಸದ್ದಿಗೆ ತಿರುಗಿದ ಕೂಸಿಗೆ ಮೆಲುದನಿಯ ಮಾತಿನ ಅಕ್ಷರಗಳು ಕೇಳದೆ ಹೋಗಬಹುದು. ಎಲ್ಲರೂ ತಿರುಗಿದರೆ ತಾನೂ ತಿರುಗುವಷ್ಟು ಜಾಣತನ ಎರಡು ವರ್ಷದವರಿಗೆ ಇದ್ದೇ ಇರುತ್ತದೆ. ಕಿವಿಯೊಳಗೆ ಪುಟ್ಟ ಉಪಕರಣವಿಟ್ಟು ಮಾಡುವ ಓಎಇ ಪರೀಕ್ಷೆ ಕೆಲವೇ ನಿಮಿಷಗಳದು. ಬೇರಾ ಪರೀಕ್ಷೆಯನ್ನು ಮಗು ಮಲಗಿದ್ದಾಗ ಮಾಡುತ್ತಾರೆ. ಎರಡರಲ್ಲಿಯೂ ನೋವಿಲ್ಲ.

ಜಯನಗರದ ಹುಡುಗನಿಗೆ ತೋರಿಸಿದಾಗ, ಪದೇಪದೇ ಬಂದ ನೆಗಡಿಯಿಂದ ಎರಡೂ ಕಿವಿಗಳ ತಮಟೆಯ ಹಿಂದೆ ನೀರು ನಿಂತಿರುವುದು ತಿಳಿಯಿತು. ಇಂಥದು ಎಷ್ಟೋ ಸಲ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ; ಇಳಿಯದಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯುಂಟು. ಇವನಿಗೆ ಇಳಿಯಿತು. ವಾಕ್ ಚಿಕಿತ್ಸಕರು ಇಡೀ ಮನೆಗೆ ವಿಧಿಸಿದ ಪಥ್ಯವೇ ಕಠಿಣವಾದದ್ದು: ಕೂಸು ಕೈ ತೋರಿಸಿದೊಡನೆ ಕೊಡಕೂಡದು, ಎದುರಿಗೆ ಕುಳಿತು, ವಸ್ತುವಿನ ಹೆಸರು ಹೇಳಿ, ಹತ್ತು ಎಣಿಸುವಷ್ಟು ಕಾಯಬೇಕು. ತಾತನಿಗೆ ಆ ಹತ್ತು ಎಣಿಸುವುದು ಹತ್ತು ವರ್ಷವಾದಂತಾಗುತ್ತಿತ್ತಂತೆ. ಹಾಲಿನ ಟೀವಿಯೂ ಬಂದಾಯಿತು. ಕೂಸಿನ ಸುತ್ತ ಹರಿದಾಡುವ ಮಾತು ಬೇರೆ, ಕೂಸಿನೊಡನೆ ಆಡುವ ಮಾತು ಬೇರೆ. ಎರಡನೆಯದಕ್ಕೆ ಬಿಡುವಿರುವ ಜನ ಇಂಥ ಮನೆಯಲ್ಲಿ ಸಿಕ್ಕಷ್ಟು ಚಿಕ್ಕ ಸಂಸಾರದಲ್ಲಿ ಸಿಕ್ಕರು. ಈಗ ಅವನ ಮಾತು ಹದಿನೆಂಟು. ಅವುಗಳಲ್ಲಿ "ಬೇಡ" ಎಂಬುದೇ ಹೆಚ್ಚು ಬಳಕೆಯದು.

ಎಲ್ಲರದೂ ಇಷ್ಟು ಹಗುರಾಗಿ ಮುಗಿಯದು. ಕಿವಿ ಸರಿಯಿದ್ದೂ ಹೆಸರು ಹಿಡಿದು ಕರೆದರೆ ತಿರುಗದ, ತಾನು ಕಂಡದ್ದನ್ನು ಬೆರಳಿಟ್ಟು ಇತರರಿಗೆ ತೋರಿಸದ ಮಗುವನ್ನು ಆಟಿಸಂ ಇದೆಯೇ ಎಂದು ಪರೀಕ್ಷಿಸಬೇಕು. ಬೇಗ ತಿಳಿದಷ್ಟೂ ಕಲಿಸುವುದು ಸುಲಭ. ಜಯನಗರದವರಿಗೆ ನಿಮ್ಹಾನ್ಸ್ ಹತ್ತಿರ. ಅಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಳ್ಳಿಗಳಲ್ಲಿರುವ ಬಂಧುಗಳು ಅಂಗನವಾಡಿಯಲ್ಲಿ ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಶ್ರವಣ ಮತ್ತು ಮಾತು ಎರಡೂ ಸೇರಿವೆ, ಖರ್ಚಿಲ್ಲ.

ಲೆಕ್ಕ ಇಡಲು ಬೇರೆ ಪುಸ್ತಕವೇನೂ ಬೇಡ. ಹಾಲಿನ ಲೆಕ್ಕ ಗೀಚುವ ಕ್ಯಾಲೆಂಡರಿನಲ್ಲಿಯೇ ಕೂಸು ಆಡಿದ ಹೊಸ ಮಾತನ್ನು ಆಯಾ ದಿನದ ಮನೆಯಲ್ಲಿ ಬರೆದಿಡಿ. "ಟಾಟಾ", "ಬೌಬೌ", "ಮಮ್ಮು" ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಜ್ಜಿಯೊಬ್ಬರೇ ಕೇಳಿದ ಮಾತಿಗೆ ಇನ್ನೊಬ್ಬರ ಸಾಕ್ಷಿಯಿದ್ದರೆ ಒಳ್ಳೆಯದು. 16ರಿಂದ 24 ತಿಂಗಳೊಳಗೆ ಬೂಸ್ಟರ್ ಚುಚ್ಚುಮದ್ದಿಗೆಂದು ಹೇಗೂ ವೈದ್ಯರಲ್ಲಿಗೆ ಹೋಗಲೇಬೇಕು. ಚುಚ್ಚುಮದ್ದಿನ ಕಾರ್ಡಿನೊಡನೆ ಆ ಹಾಳೆಗಳನ್ನೂ ಒಯ್ಯಿರಿ, ಕೂಸಿನ ತಾಯಿಯ ಕೈಯಲ್ಲೇ ಕೊಡಿಸಿ.