ಮೀನು ಮಾರುವವಳ ಮೂಗು

ಹೊನ್ನಾವರದ ಮೀನುಪೇಟೆಯಲ್ಲಿ ಪಕ್ಕದಲ್ಲಿ ನಿಂತಿದ್ದವರೊಬ್ಬರು ಬಂಗಡೆಯನ್ನು ಹೆಂಡತಿಯ ಮುಂದೆ ಹಿಡಿದು, "ನೀನೇ ಮೂಸಿ ನೋಡು, ಹೆಂಗಸರ ಮೂಗು ಹುಟ್ಟಾ ಚುರುಕು" ಎಂದರು. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಹೊಗಳಿಕೆಯಂತೆ ಕೇಳಿಸುವ ಈ ಮಾತು ಹೆಂಗಸರ ಕಸುಬನ್ನು ಕಸಿದುಕೊಳ್ಳುತ್ತದೆ.

ಮಾತಿಗೆ ಆಧಾರವೇ ಇಲ್ಲವೆಂದಲ್ಲ. 2014ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ತೀರಿಹೋದ 7 ಗಂಡಸರ, 11 ಹೆಂಗಸರ ಮಿದುಳನ್ನು ಪರೀಕ್ಷಿಸಿದರು. ವಾಸನೆಯ ಸುದ್ದಿ ಮೊದಲು ಮುಟ್ಟುವ ಭಾಗದಲ್ಲಿ ಹೆಂಗಸರಿಗೆ ಸುಮಾರು ಶೇ. 43ರಷ್ಟು ಹೆಚ್ಚು ಜೀವಕೋಶಗಳಿದ್ದವು. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಇನ್ನೂ ಗಟ್ಟಿ. ಕಹಿಬಾದಾಮಿಯ ವಾಸನೆಯನ್ನು ಮತ್ತೆ ಮತ್ತೆ ಮೂಸಿದ, ಮುಟ್ಟು ನಿಲ್ಲದ ವಯಸ್ಸಿನ ಹೆಂಗಸರು ಕೊನೆಗೆ ಅದರ ಲವಲೇಶವನ್ನೂ ಹಿಡಿಯುವಂತಾದರು, ಗಂಡಸರಿಗೆ ಅದು ಒಲಿಯಲಿಲ್ಲ. ಇದನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಹೆಂಗಸರೂ ಮೊದಲ ದಿನ ಹಾಗಿರಲಿಲ್ಲ, ಮೂಸಿ ಮೂಸಿ ಹಾಗಾದರು. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2019ರ ವಿಶ್ಲೇಷಣೆಯಲ್ಲೂ ಹೆಂಗಸರೇ ಮುಂದು, ಅಂತರ ಮಾತ್ರ ತೀರಾ ಚಿಕ್ಕದು. ಆದಿಕಾಲದಲ್ಲಿ ಹೆಂಗಸರು ಹಣ್ಣು ಆರಿಸುತ್ತಿದ್ದರು, ಅದಕ್ಕೇ ಹೀಗೆ ಎನ್ನುವುದು ಬರಿಯ ಕತೆ.

ಅಷ್ಟು ಚಿಕ್ಕ ಅಂತರವನ್ನು ನಂಬಿ ಯಾರೂ ಮೀನು ಮಾರಲಾರರು. ಬುಟ್ಟಿಯ ಹಿಂದೆ ಕೂತ ಅಮ್ಮ ಹೆಬ್ಬೆರಳಿನಲ್ಲಿ ಕಿವಿರು ಎತ್ತಿ, ಮೂಗಿನ ಹತ್ತಿರ ಒಂದು ಗಳಿಗೆ ಹಿಡಿದು, ನಿನ್ನೆಯದನ್ನು ಬೇರೆ ಮಾಡುತ್ತಾರೆ. ತೊರಕೆಯ ಮೈಯಲ್ಲಿ ಯೂರಿಯಾ ಇರುತ್ತದೆ, ಸತ್ತ ಮೇಲೆ ಅದು ಅಮೋನಿಯಾ ಆಗಿ ಮೂಗಿಗೆ ಅಡರುತ್ತದೆ. ಬಂಗಡೆ ಕೆಟ್ಟ ವಾಸನೆಯೇ ಬೇರೆ. ಎರಡರ ಲೆಕ್ಕವನ್ನೂ ಆ ಮೂಗು ಬೇರೆಬೇರೆ ಇಟ್ಟುಕೊಂಡಿದೆ. ಕಾಸರಕೋಡಿನ ಬಂದರಿನಲ್ಲಿ ಬೆಳಗಿನ ಜಾವ ಹರಾಜಿನ ಗದ್ದಲದ ನಡುವೆ ಲೆಕ್ಕ ತಪ್ಪಿದರೆ ಆ ದಿನದ ಸಾಲ ಅವರ ತಲೆಯ ಮೇಲೆ.

ಭಟ್ಕಳದ ಅತ್ತರಿನ ಅಂಗಡಿಯವನು ಸೀಸೆ ತೆರೆದು ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಿದರೆ ಅದನ್ನು ಪರಿಣತಿ ಎನ್ನುತ್ತೇವೆ. ಕುಮಟೆಯ ಮದುವೆಮನೆಯಲ್ಲಿ ಮುಚ್ಚಳ ತೆಗೆಯುವ ಮೊದಲೇ ಹುಳಿ ತಳ ಹಿಡಿದದ್ದನ್ನು ಹೇಳುವ ಅಡುಗೆಭಟ್ಟರಿಗೆ ಕೈಮುಗಿಯುತ್ತೇವೆ. ಅವರ ಮೂಗು ಹುಟ್ಟಾ ಚುರುಕು ಎಂದು ಯಾರೂ ಹೇಳುವುದಿಲ್ಲ. ಗಂಡಸು ಮೂಸಿದರೆ ವಿದ್ಯೆ, ಹೆಂಗಸು ಮೂಸಿದರೆ ಹುಟ್ಟುಗುಣವೇ? ಹುಟ್ಟುಗುಣ ಎಂದುಬಿಟ್ಟರೆ ಅದಕ್ಕೆ ಕೂಲಿಯೂ ಇಲ್ಲ, ಮರ್ಯಾದೆಯೂ ಇಲ್ಲ. ಮನೆಯ ಹಾಲು ಹುಳಿಯಾಯಿತೇ ಎಂದು ನೋಡುವ ಕೆಲಸವೂ ಆಯುಷ್ಯಪೂರ್ತಿ ಅವಳದೇ.

ಹೇಗೆ ಕಲಿತಿರಿ ಎಂದು ಅದೇ ಅಮ್ಮನನ್ನು ಕೇಳಿದೆ. ಮೀನಿನ ಮೇಲೆ ನೀರು ಚಿಮುಕಿಸುತ್ತ ಹೇಳಿದರು: "ಮದುವೆಯಾಗಿ ಬಂದ ವರ್ಷ ಎರಡು ಬುಟ್ಟಿ ಹಾಳು ತಾರ್ಲೆ ತಗಂಡು ಬಂದಿದ್ದೆ ಮಾರಾಯ್ರೆ. ಅತ್ತೆ ಒಂದೊಂದನ್ನೇ ಮೂಗಿಗೆ ಹಿಡಿದು ಮೂಸಿಸಿದ್ರು."