ಒರೆಗೆ ಹಚ್ಚದ ಚಿನ್ನ

ಒಂದು ಗ್ರಾಂ ಚಿನ್ನ ಕೊಳ್ಳುವಾಗಲೂ ಹಾಲ್‌ಮಾರ್ಕ್ ಗುರುತನ್ನು ಕನ್ನಡಕ ಏರಿಸಿ ನೋಡುವವರು ನಾವು. ಅಂಥ ನಾವೇ ಈಗ ನೆಲದಡಿಯಲ್ಲಿ ಇದೆಯೋ ಇಲ್ಲವೋ ತಿಳಿಯದ ಚಿನ್ನಕ್ಕಾಗಿ ನಿವೃತ್ತಿಯ ಗಂಟು ಬಿಚ್ಚಲು ಹೊರಟಿದ್ದೇವೆ. ಚಿನ್ನದ ಬೆಲೆ ಏರಿದಂತೆಲ್ಲ ನಮ್ಮ ಕೂಟಗಳಲ್ಲಿ, ಸಾಹಿತ್ಯದ ಮಾತು ಮುಗಿದು ಕಾಫಿ ಬರುವ ಹೊತ್ತಿಗೆ, ಸಣ್ಣ ಗಣಿ ಕಂಪನಿಗಳ ಷೇರಿನ ಮಾತು ತಲೆಯೆತ್ತುತ್ತದೆ. ಅದಕ್ಕೆ ಸಮರ್ಥನೆಯೂ ಸಿದ್ಧವಾಗಿರುತ್ತದೆ: ಕೋಲಾರ ನಮ್ಮದಲ್ಲವೇ? ಈ ಸಮರ್ಥನೆಯನ್ನು ನಾವು ಒಪ್ಪುವುದಿಲ್ಲ.

ಕೋಲಾರದ ಕಥೆಯನ್ನು ಅರ್ಧಕ್ಕೇ ನಿಲ್ಲಿಸುವುದು ನಮ್ಮ ಅಭ್ಯಾಸ. 1880ರ ಸುಮಾರಿಗೆ ಲಂಡನ್ನಿನಲ್ಲಿ ದಕ್ಷಿಣ ಭಾರತದ ಚಿನ್ನದ ಹೆಸರಿನಲ್ಲಿ ಕಂಪನಿಗಳು ಅಣಬೆಗಳಂತೆ ಎದ್ದವು. ವೈನಾಡಿನ ಬೆಟ್ಟಗಳನ್ನು ನಂಬಿದವರ ಬಂಡವಾಳ ಕೆಲವೇ ವರ್ಷಗಳಲ್ಲಿ ಮಣ್ಣುಪಾಲಾಯಿತು. ಕೋಲಾರದ ಮೈಸೂರು ಗಣಿಯ ಕಂಪನಿಯೂ ಹಣ ಕರಗಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಉಳಿದ ಅಲ್ಪ ಹಣದಲ್ಲಿ ಇನ್ನಷ್ಟು ಅಗೆದಾಗ ಸಮೃದ್ಧ ಪದರ ಸಿಕ್ಕಿತು. ಗೆದ್ದವರ ಕಥೆ ಉಳಿಯಿತು, ಸೋತವರ ಹೆಸರೂ ಉಳಿಯಲಿಲ್ಲ. ಆ ಕೋಲಾರವೂ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಪೂರ್ತಿ ತೀರಿತ್ತೆಂದಲ್ಲ. ಅದನ್ನು ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತ್ತು. ನೆಲದಲ್ಲಿ ಚಿನ್ನವಿರುವುದೂ ಲಾಭವಿರುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಣ್ಣ ಕಂಪನಿಗಳಲ್ಲಿ ಹೆಚ್ಚಿನವಕ್ಕೆ ಗಣಿಯೇ ಇರುವುದಿಲ್ಲ. ಇರುವುದು ಶೋಧನೆಯ ಪರವಾನಗಿ, ಕೊರೆದ ಕೆಲವು ರಂಧ್ರಗಳು ಮತ್ತು ಒಂದು ಅಂದಾಜು. ಆದಾಯವಿಲ್ಲದ ಕಂಪನಿ ಪ್ರತಿ ಬಾರಿಯೂ ಹೊಸ ಷೇರು ಮಾರಿ ಉಸಿರಾಡುತ್ತದೆ. ಹಳೆಯ ಷೇರುದಾರನ ಪಾಲು ತೆಳುವಾಗುತ್ತ ಹೋಗುತ್ತದೆ. ಇದರ ಮೇಲೆ ಕಾನೂನಿನ ಅಪಾಯ: 2015ರ ತಿದ್ದುಪಡಿ ನಮ್ಮ ದೇಶದ ಗಣಿಗುತ್ತಿಗೆಯನ್ನು ಹರಾಜಿಗೆ ತಂದಿತು, ಹಿಂದಿನ ಶೋಧನೆಯ ಆಧಾರದಲ್ಲಿ ಗುತ್ತಿಗೆಗಾಗಿ ಕಾದಿದ್ದವರ ಬಾಕಿ ಹಕ್ಕುಗಳನ್ನು 2021ರ ತಿದ್ದುಪಡಿ ರದ್ದುಗೊಳಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರ ಪಾಡು ಇದು.

ವಂಚನೆಯ ಮಾತು ಬೇರೆ. ಕೆನಡಾದ ಬ್ರೀ-ಎಕ್ಸ್ ಎಂಬ ಸಣ್ಣ ಕಂಪನಿ ಇಂಡೋನೇಷ್ಯಾದ ಬುಸಾಂಗಿನಲ್ಲಿ ಅಪಾರ ಚಿನ್ನವಿದೆಯೆಂದು ಸಾರಿತು. ಮಾರುಕಟ್ಟೆಯಲ್ಲಿ ಅದರ ಮೌಲ್ಯ 600 ಕೋಟಿ ಕೆನಡಿಯನ್ ಡಾಲರಿನಷ್ಟು ಏರಿತು. 1997ರಲ್ಲಿ ಸ್ವತಂತ್ರ ಪರೀಕ್ಷೆ ನಡೆದಾಗ, ಮಾದರಿಗಳಿಗೆ ಹೊರಗಿನ ಚಿನ್ನದ ಪುಡಿ ಬೆರೆಸಿದ್ದುದು ಬಯಲಾಯಿತು. ಕೊರೆದು ತೆಗೆದ ಕಲ್ಲಿನ ಅರ್ಧವನ್ನು ಮರುಪರೀಕ್ಷೆಗೆ ಉಳಿಸುವುದು ವಾಡಿಕೆ. ಇಲ್ಲಿ ಬಹುಪಾಲು ಪೂರ್ತಿ ಪುಡಿಯಾಗಿತ್ತು. ಮುಳುಗಿದವರಲ್ಲಿ ಶಿಕ್ಷಕರ ಪಿಂಚಣಿ ನಿಧಿಯೂ ಇತ್ತು. ಪರಿಣತರೇ ಬೆಳ್ಳಗಿರುವುದನ್ನೆಲ್ಲ ಹಾಲೆಂದು ನಂಬಿದ ಮೇಲೆ, ವಾಟ್ಸಾಪ್ ಸಂದೇಶ ಓದಿ ಹಣ ಹೂಡುವ ನಮ್ಮ ಗತಿ ಏನು?

ಸಾಹಸಿಗಳಿಲ್ಲದಿದ್ದರೆ ಕೋಲಾರವೇ ಇರುತ್ತಿರಲಿಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಸಾಹಸಕ್ಕೆ ಕಳೆದುಕೊಂಡರೂ ಮನೆ ನಡೆಯುವಷ್ಟು ಹಣ ಬೇಕು. ಹೋಟೆಲಿನ ಗಲ್ಲಾದಲ್ಲಿ ಕೂತು, ಲೋಕಲ್ ರೈಲಿನಲ್ಲಿ ನಿಂತು, ಮೂವತ್ತು ವರ್ಷ ಕೂಡಿಟ್ಟದ್ದು ಅಂಥ ಹಣವಲ್ಲ.

ಆದ್ದರಿಂದ ಇನ್ನು ಮುಂದೆ ಈ ಮಾತು ಎತ್ತುವವರನ್ನು ನಾವು ನಾಲ್ಕು ಪ್ರಶ್ನೆ ಕೇಳೋಣ. ಅಂದಾಜಿಗೆ ಸಹಿ ಹಾಕಿದ ಭೂವಿಜ್ಞಾನಿ ಕಂಪನಿಯ ಹಂಗಿನಲ್ಲಿ ಇಲ್ಲವೇ? ಅದು ಲಾಭಕ್ಕೆ ತೆಗೆಯಬಹುದೆಂದು ಸಿದ್ಧವಾದ ನಿಕ್ಷೇಪವೋ, ಬರೀ ಊಹೆಯೋ? ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು? ಭೂಮಿ ಯಾರದು, ಅವರು ಒಪ್ಪಿದ್ದಾರೆಯೇ? ಉತ್ತರ ಸಿಗದಿದ್ದರೆ ಕಾಫಿ ಕುಡಿದು ಮನೆಗೆ ಹೋಗೋಣ. ಒರೆಗೆ ಹಚ್ಚದೆ ಬಳೆ ಕೊಳ್ಳದವರಿಗೆ ಇದೇನೂ ಹೊಸ ವಿದ್ಯೆಯಲ್ಲ.